ಚೈನ್‌ಗೆ ಹಳೆ ಆಯಿಲ್ಲಾ, ಸ್ಪ್ರೇನಾ, 90 ಆಯಿಲ್ಲಾ: ಮೂರು ಕಿಟ್‌ಗಳ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಸ್ಪ್ಲೆಂಡರ್ ಥರ ಚೈನ್ ಪೂರ್ತಿ ಮುಚ್ಚಿದ ಗಾಡಿಯಾಗಿದ್ದು, ದಿನಾ ಓಡಿಸುವವರಾದರೆ, ಒಂದು ಲೀಟರ್ 90 ಗೇರ್ ಆಯಿಲ್ (ಗೇರ್‌ಬಾಕ್ಸ್‌ಗೆ ಹಾಕುವ ದಪ್ಪ ಎಣ್ಣೆ, 90 ಅನ್ನುವುದು ಅದರ ದಪ್ಪದ ನಂಬರ್) ಮತ್ತು ಉದ್ದ ಕೊಕ್ಕಿನ ಒಂದು ಆಯಿಲ್ ಕ್ಯಾನ್ ತೆಗೆದುಕೊಳ್ಳಿ. ಕ್ಯಾನ್‌ನಲ್ಲಿ ಬರುವ ಚೈನ್ ಸ್ಪ್ರೇಗೆ ದುಡ್ಡು ಹಾಕಬೇಡಿ. ಎಂಜಿನ್‌ನಿಂದ ಇಳಿಸಿದ ಹಳೆ ಆಯಿಲ್ ಅಂತೂ ಬೇಡವೇ ಬೇಡ. ಇಷ್ಟು ತಿಳಿಯುವಷ್ಟರಲ್ಲಿ ನನ್ನ ಎರಡು ಚೈನ್ ಸ್ಪ್ರಾಕೆಟ್ ಕಿಟ್ (ಚೈನ್, ಅದು ಓಡುವ ಮುಂದಿನ ಹಿಂದಿನ ಹಲ್ಲಿನ ಚಕ್ರಗಳ ಸೆಟ್) ಹೋದವು, ಅರ್ಧ ದಿನದ ಸಂಬಳವೂ ಹೋಯಿತು.

ನನ್ನ ಓಡಾಟ ಹೇಳದೆ ಹೋಲಿಸಿದರೆ ಅರ್ಥವಿಲ್ಲ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಮೇಟಗಳ್ಳಿ ಹತ್ತಿರ. ಹೋಗಿ ಬಂದರೆ 85 ಕಿಲೋಮೀಟರ್. ವಾರಕ್ಕೆ ಆರು ದಿನ. ಅಂದರೆ ವಾರಕ್ಕೆ 500 ದಾಟುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರಸ್ತೆಗೆ ಬೈಕ್ ಬಿಡುವುದಿಲ್ಲವಲ್ಲ, ಹಾಗಾಗಿ ನಮಗೆ ಸರ್ವಿಸ್ ರಸ್ತೆಯೇ ಗತಿ. ನಾಟಿ ಸಮಯದಲ್ಲಿ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಕೆಸರು, ಕಬ್ಬು ಸಾಗಿಸುವಾಗ ಬಿದ್ದ ತರಗು, ಅದೆಲ್ಲ ಒಣಗಿದ ಮೇಲೆ ಧೂಳು, ಮಳೆ ಬಂದರೆ ಅಂಡರ್‌ಪಾಸ್‌ಗಳಲ್ಲಿ ನಿಂತ ನೀರು. ಇವೆಲ್ಲ ನೇರವಾಗಿ ಚೈನ್ ಹತ್ತಿರವೇ ಬರುತ್ತವೆ. ಸ್ಪ್ಲೆಂಡರ್‌ನ ಕಬ್ಬಿಣದ ಕವರ್ ಇದರಲ್ಲಿ ಮುಕ್ಕಾಲು ಪಾಲು ತಡೆಯುತ್ತದೆ. ನೋಡಲು ಚಂದ ಅಂತ ಕೆಲವರು ಆ ಕವರ್ ಬಿಚ್ಚಿಸಿ ಅರ್ಧ ಕವರ್ ಹಾಕಿಸುತ್ತಾರೆ. ನಮ್ಮ ದಾರಿಯಲ್ಲಿ ಓಡಾಡುವವರು ದಯವಿಟ್ಟು ಹಾಗೆ ಮಾಡಬೇಡಿ.

ಮೂರು ಸಲವೂ ಹಾಕಿಸಿದ್ದು ಒಂದೇ ಥರದ ಒರಿಜಿನಲ್ ಕಿಟ್. ಕಿಟ್‌ಗೆ 1,150, ಕೂಲಿ 150, ಒಟ್ಟು 1,300 ರೂಪಾಯಿ. ಬದಲಾಗಿದ್ದು ಎಣ್ಣೆ ಮಾತ್ರ.

ಹಳೆ ಆಯಿಲ್ ಅಭ್ಯಾಸ ನನಗೆ ಗ್ಯಾರೇಜಿನಿಂದ ಬಂತು. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಅಲ್ಲಿನ ಹುಡುಗ ಇಳಿಸಿದ ಕಪ್ಪು ಆಯಿಲ್‌ಗೆ ಬ್ರಷ್ ಅದ್ದಿ ಚೈನ್‌ಗೆ ಬಳಿಯುತ್ತಿದ್ದ. ಬಿಟ್ಟಿ ಸಿಗುತ್ತೆ, ಎಣ್ಣೆ ಎಣ್ಣೆಯೇ ಅಲ್ವಾ ಅಂತ ನಾನೂ ಒಂದು ಬಾಟಲಿ ತುಂಬಿಸಿಕೊಂಡು ಬಂದೆ. ಆ ಆಯಿಲ್ ಎಂಜಿನ್ ಒಳಗೆ ತನ್ನ ಆಯಸ್ಸು ಮುಗಿಸಿದ್ದು. ಈ ಬೈಕುಗಳಲ್ಲಿ ಕ್ಲಚ್ ಪ್ಲೇಟ್‌ಗಳೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ, ಹಾಗಾಗಿ ಪ್ಲೇಟ್ ಸವೆದ ಪುಡಿ, ಲೋಹದ ನುಣ್ಣನೆ ಚೂರು, ಮಸಿ ಎಲ್ಲ ಅದರಲ್ಲೇ ಸೇರಿರುತ್ತದೆ. ಬಿಳಿ ಬಟ್ಟೆ ಮೇಲೆ ಒಂದು ಹನಿ ಬಿಟ್ಟು ನೋಡಿ. ಎಣ್ಣೆ ಸುತ್ತ ಹರಡಿಕೊಂಡು ನಡುವೆ ಒಂದು ಕಪ್ಪು ಚುಕ್ಕೆ ಉಳಿಯುತ್ತದೆ. ಅದನ್ನೇ ನಾವು ಚೈನ್‌ಗೆ ತಿನ್ನಿಸುತ್ತಿರುವುದು. 9,500 ಕಿಲೋಮೀಟರಿಗೆ ಕಿಟ್ ಮುಗಿಯಿತು. ಮುಂದಿನ ಸಣ್ಣ ಸ್ಪ್ರಾಕೆಟ್‌ನ ಹಲ್ಲುಗಳು ಕುಡುಗೋಲಿನ ಹಾಗೆ ಒಂದೇ ಕಡೆಗೆ ಬಾಗಿದ್ದವು.

ಗ್ರೀಸ್ ಬಗ್ಗೆಯೂ ಕೇಳುತ್ತಾರೆ. ಒಂದು ವಾರ ಹಚ್ಚಿದ್ದೆ. ಮರಳು ಅಂಟಿಸಿಕೊಂಡು ಹೊರಗೇ ಕೂರುತ್ತದೆ. ಬೇಡ.

ಆಮೇಲೆ ಸ್ಪ್ರೇ. ಇದರ ಮೇಲೆ ನನಗೆ ತುಂಬ ನಂಬಿಕೆ ಇತ್ತು. 500 ಎಂಎಲ್ ಕ್ಯಾನ್‌ಗೆ 450 ರೂಪಾಯಿ ಕೊಟ್ಟೆ. ಕೈ ಕೊಳೆಯಾಗುವುದಿಲ್ಲ, ಎರಡು ನಿಮಿಷದ ಕೆಲಸ. ಆದರೆ ಎಲ್ಲರೂ ಸ್ಪ್ರೇ ಹೊಡೆದು ತೋರಿಸುವುದು ಚೈನ್ ಬಯಲಿಗೆ ಕಾಣುವ ಗಾಡಿಗಳಲ್ಲಿ. ನಮ್ಮ ಗಾಡಿಯಲ್ಲಿ ಚೈನ್ ಕಾಣುವುದು ಕವರ್ ಮೇಲಿನ ಒಂದು ತೂತಿನಲ್ಲಿ ಮಾತ್ರ. ಚೈನ್ ಎಷ್ಟು ಸಡಿಲ ಇದೆ ಅಂತ ನೋಡಲು ಬಿಟ್ಟಿರುವ ತೂತು ಅದು, ಅದಕ್ಕೊಂದು ರಬ್ಬರ್ ಮುಚ್ಚಳ. ಮುಚ್ಚಳ ತೆಗೆದು, ಕ್ಯಾನ್ ಜೊತೆ ಬರುವ ಸಣ್ಣ ಕೆಂಪು ಪೈಪನ್ನು ಒಳಗೆ ತೂರಿಸಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಒತ್ತಬೇಕು. ಪೈಪಿನ ತುದಿ ಎಲ್ಲಿದೆ ಅಂತ ಕಾಣುವುದಿಲ್ಲ. ಚೈನ್‌ಗೆ ಬಿತ್ತೋ ಕವರ್‌ಗೆ ಬಿತ್ತೋ ಗೊತ್ತಾಗುವುದಿಲ್ಲ. ಹೊರಗೆ ನೊರೆ ಕಂಡರೆ ಆಯ್ತು ಅಂತ ಅಂದುಕೊಳ್ಳುವುದು, ಅಷ್ಟೇ. ಆರು ತಿಂಗಳು ನಾನು ಹಾಗೇ ಅಂದುಕೊಂಡೆ.

ಒಂದು ಭಾನುವಾರ ಹೀಗೇ ಹೊಡೆಯುತ್ತಿದ್ದಾಗ ಪೈಪ್ ಕ್ಯಾನ್‌ನ ಬಾಯಿಂದ ಕಳಚಿಕೊಂಡು ಸರ್ ಅಂತ ಒಳಗೆ ಹೋಯಿತು. ಬೆರಳು ಹಾಕಿದರೆ ಸಿಗಲಿಲ್ಲ. ತಂತಿ ಕೊಕ್ಕೆ ಮಾಡಿ ಹಾಕಿದರೆ ಇನ್ನೂ ಒಳಗೆ ಹೋಯಿತು. ಗಾಡಿಯನ್ನು ಅಲ್ಲಾಡಿಸಿ ನೋಡಿದೆ, ಚಕ್ರ ಹಿಂದೆ ಮುಂದೆ ತಿರುಗಿಸಿದೆ, ಸದ್ದೇ ಇಲ್ಲ. ಎಲ್ಲೋ ತಳದಲ್ಲಿ ಬಿದ್ದಿರಬೇಕು, ಮುಂದಿನ ಸರ್ವಿಸ್‌ನಲ್ಲಿ ತೆಗೆಸೋಣ ಅಂತ ಬಿಟ್ಟೆ. ಸೋಮವಾರ ಬೆಳಿಗ್ಗೆ ಇಂಡುವಾಳು ದಾಟುತ್ತಿದ್ದ ಹಾಗೆ ಟರ್ ಟರ್ ಅಂತ ಶುರುವಾಯಿತು, ತೂಬಿನಕೆರೆ ಹತ್ತಿರ ಬರುವಷ್ಟರಲ್ಲಿ ಚೈನ್ ಹಿಡಿದು ಹಿಡಿದು ಬಿಟ್ಟ ಹಾಗೆ ಹಿಂದಿನ ಚಕ್ರವೇ ಜಗ್ಗತೊಡಗಿತು. ಮೇಲೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳು ಸುಯ್ಯನೆ ಹೋಗುತ್ತಿವೆ, ಕೆಳಗೆ ನಾನು ಗಾಡಿ ತಳ್ಳುತ್ತಿದ್ದೇನೆ.

ಅಲ್ಲೊಂದು ಪಂಕ್ಚರ್ ಅಂಗಡಿ ಸಿಕ್ಕಿದ್ದು ನನ್ನ ಪುಣ್ಯ. ಅಂಗಡಿಯವರು 10 ನಂಬರ್ ಸ್ಪ್ಯಾನರ್ ಹಿಡಿದು ಕವರ್ ಬಿಚ್ಚಲು ಕೂತರು. ಒಂದು ಬೋಲ್ಟ್ ತುಕ್ಕು ಹಿಡಿದು ಸ್ಪ್ಯಾನರ್‌ಗೆ ಜಾರುತ್ತಿತ್ತು. ಅದಕ್ಕೆ ಡೀಸೆಲ್ ಬಿಟ್ಟು, ಹತ್ತು ನಿಮಿಷ ಕಾದು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಆಮೇಲೆ ಇಕ್ಕಳದಲ್ಲಿ ಹಿಡಿದು ತಿರುಗಿಸಬೇಕಾಯಿತು. ಪೈಪ್ ನಜ್ಜುಗುಜ್ಜಾಗಿ ಹಿಂದಿನ ಸ್ಪ್ರಾಕೆಟ್‌ಗೂ ಚೈನ್‌ಗೂ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ತೆಗೆದ ಮೇಲೆ ಗಾಡಿ ಸರಿಹೋಯಿತು.

ಆದರೆ ನನ್ನನ್ನು ನಿಲ್ಲಿಸಿದ್ದು ಪೈಪ್ ಅಲ್ಲ, ಕವರ್‌ನ ಒಳಗೋಡೆ. ಅದರ ತುಂಬ ಬೆಣ್ಣೆ ಮೆತ್ತಿದ ಹಾಗೆ ಸ್ಪ್ರೇ ದಪ್ಪವಾಗಿ ಕೂತು ಧೂಳು ಹಿಡಿದಿತ್ತು. ಚೈನ್‌ನ ಹೊರಮೈ ಮೇಲೆ ಅಲ್ಲಲ್ಲಿ ಒಂದು ಪದರ ಇತ್ತು. ಒಳಗಿನ ರೋಲರ್‌ಗಳು ಮಾತ್ರ ಕೆಂಪಗೆ ತುಕ್ಕು ಹಿಡಿದಿದ್ದವು. ಕೆಲವು ಲಿಂಕ್‌ಗಳು ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುತ್ತಿದ್ದವು. ಅಂಗಡಿಯವರು ಹಿಂದಿನ ಸ್ಪ್ರಾಕೆಟ್ ಮೇಲಿದ್ದ ಚೈನನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆದು ತೋರಿಸಿದರು. ಹಲ್ಲಿನಿಂದ ಅರ್ಧಕ್ಕಿಂತ ಜಾಸ್ತಿ ಎದ್ದು ಬಂತು. ಕಿಟ್ ಮುಗಿದಿದೆ ಅಂತ ಅರ್ಥ. ಅಷ್ಟೊತ್ತಿಗೆ ಅದು ಓಡಿದ್ದು 14,000 ಕಿಲೋಮೀಟರ್ ಮಾತ್ರ. "ಕವರ್ ಇರೋ ಗಾಡಿಗೆ ಇದು ಒಳಗೆ ಹೋಗಲ್ಲ ಅಣ್ಣ. 90 ಆಯಿಲ್ ಬಿಡಿ, ಸಾಕು" ಅಂದರು. ಕೂಲಿ 100 ರೂಪಾಯಿ ತೆಗೆದುಕೊಂಡರು, ಅದೂ ನಾನು ಬಲವಂತ ಮಾಡಿದ್ದಕ್ಕೆ. ಮೇಟಗಳ್ಳಿ ತಲುಪಿದಾಗ ಅರ್ಧ ದಿನ ಕಳೆದಿತ್ತು.

90 ಆಯಿಲ್ ಯಾಕೆ ಒಳಗೆ ಹೋಗುತ್ತದೆ ಅನ್ನುವುದು ನನಗೆ ತಿಳಿದಿದ್ದು ಅಪ್ಪನ ಎತ್ತಿನ ಗಾಡಿ ನೆನಪಾದಾಗ. ಗಾಡಿಯ ಕೆಳಗೆ ಬಿದಿರಿನ ಕೊಳವೆಯಲ್ಲಿ ಕೀಲೆಣ್ಣೆ ನೇತುಹಾಕಿರುತ್ತಿದ್ದರು. ಅಪ್ಪ ಅದನ್ನು ಚಕ್ರದ ಹೊರಗೆ ಬಳಿಯುತ್ತಿರಲಿಲ್ಲ. ಕಡಾಣಿ ತೆಗೆದು, ಚಕ್ರ ಹೊರಗೆಳೆದು, ಅಚ್ಚಿಗೇ ಹಾಕುತ್ತಿದ್ದರು. ಚೈನ್‌ನ ಒಂದೊಂದು ಲಿಂಕ್‌ನಲ್ಲೂ ಹಾಗೇ ಒಂದು ಪಿನ್, ಅದರ ಸುತ್ತ ಒಂದು ಬುಷ್, ಅಂದರೆ ಸಣ್ಣ ಕೊಳವೆ. ತಿಕ್ಕಾಟ ಇರುವುದು ಅವೆರಡರ ನಡುವೆ. ಚೈನ್ ಉದ್ದ ಆಯಿತು ಅನ್ನುತ್ತೇವಲ್ಲ, ಕಬ್ಬಿಣ ಜಗ್ಗಿ ಉದ್ದ ಆಗುವುದಲ್ಲ ಅದು. ನೂರಕ್ಕೂ ಜಾಸ್ತಿ ಪಿನ್ನು ಬುಷ್ಷು ಸ್ವಲ್ಪ ಸ್ವಲ್ಪ ಸವೆದು, ಎಲ್ಲ ಸೇರಿ ಉದ್ದವಾಗಿ ಕಾಣುವುದು. ಅಲ್ಲಿಗೆ ಎಣ್ಣೆ ನಿಧಾನವಾಗಿ ಇಳಿಯಬೇಕು. 90 ಆಯಿಲ್ ದಪ್ಪ ಇದ್ದರೂ ಹರಿಯುತ್ತದೆ. ಒಂದು ರಾತ್ರಿ ಬಿಟ್ಟರೆ ಸಂದಿಗೆ ಇಳಿಯುತ್ತದೆ.

ಪೇಟೆ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಆಯಿಲ್ ಕ್ಯಾನ್ ತಂದೆ. ಹೊಲಿಗೆ ಮಷಿನ್ ಎಣ್ಣೆ ಕುಪ್ಪಿಯ ಥರದ್ದೇ, ಆದರೆ ದೊಡ್ಡದು. ತಳ ಒತ್ತಿದರೆ ಉದ್ದ ಕೊಕ್ಕಿನ ತುದಿಯಿಂದ ಹನಿ ಬೀಳುತ್ತದೆ. ಕೊಕ್ಕು ಲೋಹದ್ದು, ತಿರುಪಿನಿಂದ ಕೂರಿಸಿದ್ದು, ಕಳಚಿ ಬೀಳುವ ಮಾತೇ ಇಲ್ಲ. ಭಾನುವಾರ ಸಂಜೆ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದು, ಚೈನ್ ಬೆಚ್ಚಗಿರುವಾಗಲೇ ಡಬಲ್ ಸ್ಟ್ಯಾಂಡ್ ಹಾಕುತ್ತೇನೆ. ನ್ಯೂಟ್ರಲ್, ಎಂಜಿನ್ ಆಫ್. ಎಂಜಿನ್ ಓಡುತ್ತಿರುವಾಗ ಚೈನ್ ಹತ್ತಿರ ಕೈ ಹಾಕಲೇಬೇಡಿ, ಬೆರಳು ಹೋದವರನ್ನು ನೋಡಿದ್ದೇನೆ. ಅದೇ ತೂತಿನಲ್ಲಿ ಕೊಕ್ಕು ತೂರಿಸಿದರೆ ಕೆಳಗಿನ ಸಾಲಿನ ಒಳಮೈಗೆ ತಾಗುತ್ತದೆ. ತಾಗಿದ್ದು ಕೈಗೇ ಗೊತ್ತಾಗುತ್ತದೆ, ಟಿಕ್ ಟಿಕ್ ಅಂತ ಒಂದೊಂದು ಲಿಂಕ್ ಕೊಕ್ಕಿನ ಕೆಳಗೆ ಸರಿಯುತ್ತದೆ. ಒಳಮೈಗೇ ಬಿಡಬೇಕು, ಯಾಕೆಂದರೆ ಚೈನ್ ತಿರುಗುವಾಗ ಎಣ್ಣೆ ಹೊರಕ್ಕೆ ಎಸೆಯಲ್ಪಡುತ್ತದೆ, ಆ ದಾರಿಯಲ್ಲೇ ಪಿನ್ನುಗಳ ಸಂದಿ ಸಿಗುತ್ತದೆ. ಚೈನ್ ಒಂದು ಸುತ್ತು ಬರಲು ಚಕ್ರ ಎರಡು ಮೂರು ಸುತ್ತು ತಿರುಗಬೇಕು. 25 ಎಂಎಲ್ ಸಾಕು. ಕೆಳಗೆ ಒಂದು ರಟ್ಟು ಹಾಸಿ ಬಿಟ್ಟರೆ ಬೆಳಿಗ್ಗೆವರೆಗೆ ಜಾಸ್ತಿಯಾಗಿದ್ದು ತೊಟ್ಟಿಕ್ಕಿರುತ್ತದೆ.

90 ಆಯಿಲ್‌ಗೆ ಇರುವ ದೊಡ್ಡ ದೂರು ಎರಚುತ್ತದೆ ಅನ್ನುವುದು. ನಿಜ. ಬಯಲು ಚೈನ್ ಗಾಡಿಯಲ್ಲಿ ರಿಮ್, ಪ್ಯಾಂಟು ಎಲ್ಲ ಹಾಳು. ಟೈರ್‌ಗೆ ಬಿದ್ದರೆ ಜಾರುವ ಅಪಾಯವೂ ಇದೆ. ಆದರೆ ನಮ್ಮ ಗಾಡಿಯಲ್ಲಿ ಎರಚಿದ್ದು ಕವರ್ ಒಳಗೇ ಉಳಿಯುತ್ತದೆ. ಸ್ಪ್ರೇಗೆ ಅಡ್ಡ ಬಂದ ಕವರ್ ಇದಕ್ಕೆ ಆಸರೆ. ಇದೊಂದೇ ಕಾರಣಕ್ಕೆ ನನ್ನ ಮಟ್ಟಿಗೆ ಹೋಲಿಕೆ ಮುಗಿದುಹೋಯಿತು.

ವಾಸನೆ ಮಾತ್ರ ಕೆಟ್ಟದ್ದು, ಗಂಧಕದ ಘಾಟು. ಆ ಕ್ಯಾನ್ ಅಡುಗೆಮನೆ ಕಡೆ ತರಬೇಡಿ ಅಂತ ಮನೆಯವಳು ಹೇಳಿದ್ದಾಳೆ, ಹಾಗಾಗಿ ಹಿತ್ತಲಲ್ಲೇ ಇಡುತ್ತೇನೆ.

ಮಳೆಗಾಲದಲ್ಲಿ ಸ್ಪ್ರೇ ವಾಸಿ. ಬಿದ್ದ ಜಾಗದಲ್ಲಿ ನೀರಿಗೆ ಅಷ್ಟು ಬೇಗ ಹೋಗುವುದಿಲ್ಲ. 90 ಆಯಿಲ್ ಹಾಕಿದವರು ಜೋರು ಮಳೆ ವಾರದಲ್ಲಿ ಬುಧವಾರ ಇನ್ನೊಂದು ಸಲ ಹನಿ ಬಿಡಬೇಕು. ವಾಟರ್ ವಾಶ್ ಮಾಡಿಸಿದ ಮೇಲೂ ಅಷ್ಟೇ. ಆಯುಧ ಪೂಜೆಗೆ ಗಾಡಿ ಥಳಥಳ ತೊಳೆಸಿ, ಬಾಳೆಕಂದು ಕಟ್ಟಿ, ನಿಂಬೆಹಣ್ಣು ಹತ್ತಿಸಿ ಊರೆಲ್ಲ ಓಡಾಡುತ್ತೇವೆ, ಒಳಗೆ ಚೈನ್ ಒಣಗಿ ಕಿರ್ ಕಿರ್ ಅನ್ನುತ್ತಿರುತ್ತದೆ. ತೊಳೆಸಿದ ದಿನವೇ ಎಣ್ಣೆ ಬಿಡಿ.

ಮೈಲೇಜ್‌ನಲ್ಲಿ ಮೂರಕ್ಕೂ ವ್ಯತ್ಯಾಸ ಕಾಣಲಿಲ್ಲ.

ಈಗ ದುಡ್ಡು. ಸ್ಪ್ರೇ ಕಾಲದಲ್ಲಿ ನಾಲ್ಕು ಕ್ಯಾನ್ ತಂದಿದ್ದೆ, 1,800 ರೂಪಾಯಿ. ಕಿಟ್ ಸೇರಿ 3,100. ಓಡಿದ್ದು 14,000, ಅಂದರೆ ಕಿಲೋಮೀಟರಿಗೆ 22 ಪೈಸೆ. ಹಳೆ ಆಯಿಲ್ ಬಿಟ್ಟಿ, ಆದರೆ 1,300ರ ಕಿಟ್ 9,500ಕ್ಕೆ ಹೋಯಿತು, 14 ಪೈಸೆ. 90 ಆಯಿಲ್ ಲೀಟರಿಗೆ 380. ಈಗಿನ ಕಿಟ್ 23,000 ಓಡಿದೆ, ಆಯಿಲ್ ಖರ್ಚು ಸುಮಾರು 430. ಎಲ್ಲ ಸೇರಿ ಏಳೂವರೆ ಪೈಸೆ ಬೀಳುತ್ತಿದೆ, ಕಿಟ್ ಇನ್ನೂ ಓಡುತ್ತಿದೆ. ಹಿಂದೆ ಎಳೆದು ನೋಡಿದರೆ ಚೈನ್ ಹಲ್ಲಿನಿಂದ ಎದ್ದೇಳುವುದಿಲ್ಲ. ಮೊದಲು ತಿಂಗಳಿಗೆರಡು ಸಲ ಟೈಟ್ ಮಾಡಿಸುತ್ತಿದ್ದೆ, ಈಗ ಎರಡು ತಿಂಗಳಿಗೊಮ್ಮೆ ನೋಡಿದರೂ ಸಾಕು. ಸಡಿಲ ಒಂದು ಇಂಚಿನ ಆಸುಪಾಸು ಇರಲಿ, ತೀರಾ ಬಿಗಿ ಮಾಡಿದರೆ ಬೇರಿಂಗ್‌ಗೆ ಪೆಟ್ಟು.

ಭಾಮೈದನ ಬೈಕು ಬೇರೆ. ಅದರದ್ದು ಓ-ರಿಂಗ್ ಚೈನ್, ಕವರ್ ಇಲ್ಲ. ಅಂಥ ಚೈನ್‌ನ ಪಿನ್ನೊಳಗೆ ಕಂಪನಿಯಲ್ಲೇ ಗ್ರೀಸ್ ತುಂಬಿ ರಬ್ಬರ್ ರಿಂಗ್‌ನಿಂದ ಮುಚ್ಚಿರುತ್ತಾರೆ. ಹೊರಗಿನ ತುಕ್ಕು ತಡೆದು ರಿಂಗ್ ಮೆತ್ತಗಿಟ್ಟರೆ ಆಯಿತು. ಅದಕ್ಕೆ ಓ-ರಿಂಗ್‌ಗೆ ಆಗುತ್ತದೆ ಅಂತ ಬರೆದಿರುವ ಸ್ಪ್ರೇಯೇ ಸರಿ. ನನ್ನ ಹತ್ತಿರ ಉಳಿದಿದ್ದ ಅರ್ಧ ಕ್ಯಾನ್ ಅವನಿಗೇ ಕೊಟ್ಟೆ. ಪೆಟ್ರೋಲ್ ಹಾಕಿ ಚೈನ್ ತೊಳೆಯುವುದು ಬಿಡು ಅಂತಲೂ ಹೇಳಿದೆ, ರಬ್ಬರ್ ಹಾಳಾಗುತ್ತದೆ, ಬೆಂಕಿ ಭಯ ಬೇರೆ.

ನನ್ನ ಮೊದಲ ಲೀಟರ್ ಖಾಲಿಯಾಗಿ ಎರಡನೆಯದು ಒಡೆದು ಒಂದು ತಿಂಗಳಾಯಿತು. ಹೋದ ವಾರ ತೂಬಿನಕೆರೆಯಲ್ಲಿ ನಿಲ್ಲಿಸಿ ಆ ಪಂಕ್ಚರ್ ಅಂಗಡಿಯವರಿಗೆ ಚೈನ್ ತೋರಿಸಿದೆ. ರಬ್ಬರ್ ಮುಚ್ಚಳ ತೆಗೆದು, ಬೆರಳು ಹಾಕಿ ಒಂದು ಲಿಂಕ್ ಸವರಿ, ಬೆರಳಿಗೆ ಅಂಟಿದ ಎಣ್ಣೆ ನೋಡಿ, "ಇನ್ನೂ ಐದು ಸಾವಿರ ಬರುತ್ತೆ ಬಿಡಿ ಅಣ್ಣ" ಅಂದರು.