ಒಂಟಿಯಾಗಿ ಬೆಟ್ಟ ಹತ್ತಿಸಿದ ಉಕ್ಕಿನ ಟೂರಿಂಗ್ ಸೈಕಲ್

ಪರ್ವತ ಪ್ರದೇಶದಲ್ಲಿ ನಾನೊಬ್ಬಳೇ 24 ದಿನಗಳ ಕಾಲ ಸುಮಾರು 1,500 ಕಿಲೋಮೀಟರ್ ತುಳಿದು ಬಂದ ಮೇಲೆ ಈ ಸೈಕಲ್ಲಿನ ಬಗ್ಗೆ ಬರೆಯುತ್ತಿದ್ದೇನೆ. ಕೊಳ್ಳುವ ಮುನ್ನ ಓದಿದ್ದ ವಿಮರ್ಶೆಗಳು ಬಹುಪಾಲು ತೂಕದ ಮಾತಿನಿಂದಲೇ ಆರಂಭವಾಗುತ್ತಿದ್ದವು. ನಾನೂ ಹಗುರವಾದ ಸೈಕಲ್ಲೇ ಒಳ್ಳೆಯದೆಂದು ನಂಬಿದ್ದೆ. ಈಗ ಆ ನಂಬಿಕೆ ಉಳಿದಿಲ್ಲ. ಜೊತೆಗೆ ಯಾರೂ ಇಲ್ಲದೆ ಬೆಟ್ಟದ ದಾರಿ ಹಿಡಿಯುವವರು ಮೊದಲು ನೋಡಬೇಕಾದದ್ದು ಎರಡು ಸಂಗತಿಗಳನ್ನು: ಸೈಕಲ್ಲಿನ ಅತಿ ಸಣ್ಣ ಗೇರು ಎಷ್ಟು ಸಣ್ಣದು, ಮತ್ತು ದಾರಿಯಲ್ಲಿ ಕೆಟ್ಟು ನಿಂತರೆ ಕೈಯಲ್ಲಿರುವ ನಾಲ್ಕು ಸಲಕರಣೆಗಳಿಂದ ಅದನ್ನು ಸರಿಪಡಿಸಲು ಸಾಧ್ಯವೇ ಎಂಬುದು.

ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನ ಚೌಕಟ್ಟು, 36 ಕಡ್ಡಿಗಳ ಚಕ್ರಗಳು, 38 ಮಿಲಿಮೀಟರ್ ಅಗಲದ ಟೈರು, ಕೇಬಲ್ಲಿನಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕು, ಹಿಂದೆ ಮುಂದೆ ಎರಡೂ ಕಡೆ ಕ್ಯಾರಿಯರ್ ಕೂರಿಸಲು ಬೇಕಾದ ತೂತುಗಳು ಇದರಲ್ಲಿವೆ. ಕ್ಯಾರಿಯರ್‌ಗಳೂ ಸೇರಿ ಸೈಕಲ್ಲಿನ ತೂಕ 15 ಕಿಲೋ. ನನ್ನ ಸಾಮಾನು 20 ಕಿಲೋ. ನನ್ನನ್ನೂ ಸೇರಿಸಿದರೆ ಬೆಟ್ಟದ ಮೇಲಕ್ಕೆ ಏರಬೇಕಾದ ಭಾರ 95 ಕಿಲೋ.

ಗೇರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮುಂದೆ 48, 36, 26 ಹಲ್ಲುಗಳ ಮೂರು ಚಕ್ರಗಳು, ಹಿಂದೆ 11ರಿಂದ 34 ಹಲ್ಲುಗಳವರೆಗಿನ ಒಂಬತ್ತು ಚಕ್ರಗಳು. 26ರ ಮೇಲಿರುವ ಚೈನನ್ನು ಹಿಂದೆ 34ಕ್ಕೆ ಏರಿಸಿದಾಗ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಮುಂದೆ ಸಾಗುವುದು ಸುಮಾರು 1.67 ಮೀಟರ್ ಮಾತ್ರ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6 ಕಿಲೋಮೀಟರ್ ವೇಗ, ಅಂದರೆ ಚುರುಕಾಗಿ ನಡೆಯುವವರ ವೇಗ. ನೂರು ಮೀಟರ್‌ಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಈ ವೇಗಕ್ಕೆ ನನ್ನ ಕಾಲುಗಳು ಸುಮಾರು 140 ವ್ಯಾಟ್ ಕೊಟ್ಟರೆ ಸಾಕು. ಸಾಧಾರಣ ರೋಡ್ ಸೈಕಲ್ಲುಗಳಲ್ಲಿ ಇರುವಂತೆ ಮುಂದೆ 34, ಹಿಂದೆ 28 ಹಲ್ಲು ಇದ್ದಿದ್ದರೆ ಅದೇ 60 ಸುತ್ತಿಗೆ ವೇಗ ಗಂಟೆಗೆ 9.5 ಕಿಲೋಮೀಟರ್ ಆಗುತ್ತಿತ್ತು, ನಾನು ಕೊಡಬೇಕಾದ ಶಕ್ತಿ 220 ವ್ಯಾಟ್ ಸಮೀಪಿಸುತ್ತಿತ್ತು. ಅಷ್ಟನ್ನು ನಾನು ಹತ್ತು ನಿಮಿಷ ಕೊಡಬಲ್ಲೆ, ನಾಲ್ಕು ಗಂಟೆ ಕೊಡಲಾರೆ. ಅದಕ್ಕಿಂತ ನಿಧಾನವಾಗಿ ತುಳಿದರೆ ಶಕ್ತಿ ಉಳಿಯುತ್ತದೆ, ಆದರೆ ಒಂದೊಂದು ತುಳಿತದ ಭಾರವೂ ಮೊಣಕಾಲಿನ ಮೇಲೆ ಬೀಳುತ್ತದೆ. ಮೂರು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಸುಮಾರು ಶೇಕಡಾ 70ಕ್ಕೆ ಇಳಿದಿರುವುದರಿಂದ ಉಸಿರು ಸಾಲದೆ ಕಾಲಿನ ಕಸುವೂ ಕುಗ್ಗುತ್ತದೆ. ಅಲ್ಲಿ ಆ 26 ಹಲ್ಲಿನ ಪುಟ್ಟ ಚಕ್ರವೇ ನನ್ನನ್ನು ಸೀಟಿನಿಂದ ಇಳಿಯದಂತೆ ಕಾಪಾಡಿತು. ಅದೊಂದೇ ಗೇರಿನಲ್ಲಿ, ಎಡಬದಿಯ ಮೈಲುಗಲ್ಲುಗಳನ್ನು ಎಣಿಸುತ್ತ, ಇಡೀ ಬೆಳಗನ್ನು ಕಳೆದ ದಿನಗಳಿವೆ.

ಒಂಬತ್ತನೆಯ ದಿನ ಜಲ್ಲಿ ಹರಡಿದ್ದ ಒಂದು ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಸೈಕಲ್ ಬಲಮಗ್ಗುಲಿಗೆ ಬಿತ್ತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಆದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ನೇತಾಡುವ ಕಿವಿ, ಅಂದರೆ ಚೌಕಟ್ಟಿನ ತುದಿಯ ಉಕ್ಕಿನ ಪಟ್ಟಿ, ಒಳಕ್ಕೆ ಬಾಗಿತ್ತು. ಆ ಸ್ಥಿತಿಯಲ್ಲಿ ಸಣ್ಣ ಗೇರಿಗೆ ಹಾಕಿದ್ದರೆ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿ ಪುಡಿಯಾಗುತ್ತಿತ್ತು. ಡಿರೇಲರ್ ಬಿಗಿದಿದ್ದ ಬೋಲ್ಟಿಗೆ 5 ಮಿಲಿಮೀಟರ್ ಅಲೆನ್ ಕೀ (ಆರು ಮೂಲೆಯ ಬಾಗಿದ ಕೀಲಿ) ತೂರಿಸಿ, ಅದನ್ನೇ ಹಿಡಿಯಾಗಿ ಮಾಡಿಕೊಂಡು, ಹಿಂದಿನಿಂದ ಕಣ್ಣಳತೆಯಲ್ಲಿ ನೋಡುತ್ತ ಸ್ವಲ್ಪಸ್ವಲ್ಪವೇ ಹೊರಗೆಳೆದೆ. ಉಕ್ಕು ಮುರಿಯದೆ ಬಾಗಿ ಬಂತು. ಪೂರ್ತಿ ನೆಟ್ಟಗಾಗಲಿಲ್ಲವಾದ್ದರಿಂದ ಗೇರುಗಳು ಲೆಕ್ಕಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಈ ಸೈಕಲ್ಲಿನ ಗೇರ್ ಲಿವರ್ ಹ್ಯಾಂಡಲ್ ತುದಿಯಲ್ಲಿದ್ದು, ಅದರ ಬದಿಯ ತಿರುಪನ್ನು ತಿರುಗಿಸಿದರೆ ಟಕ್ ಟಕ್ ಎಂದು ನಿಲ್ಲುವ ವ್ಯವಸ್ಥೆ ತಪ್ಪಿ ಲಿವರ್ ಸರಾಗವಾಗಿ ಜಾರುತ್ತದೆ. ಚೈನಿನ ಸದ್ದು ಕೇಳಿಸಿಕೊಂಡು ನಾವೇ ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಬೇಕು. ಉಳಿದ ಹದಿನೈದು ದಿನಗಳನ್ನೂ ಹಾಗೆಯೇ ಸಾಗಿಸಿದೆ. ಒಂದೇ ಒಂದು ದಿನವೂ ಪ್ರಯಾಣ ನಿಲ್ಲಲಿಲ್ಲ.

ಅಂದು ಅಲೆನ್ ಕೀ ಹಿಡಿದು ರಸ್ತೆ ಬದಿಯಲ್ಲಿ ಕೂತಿದ್ದಾಗ ನನಗೆ ನೆನಪಾದದ್ದು ಫ್ರಾನ್ಸಿನ ಸೈಕಲ್ ಓಟಗಾರ ಯುಜೀನ್ ಕ್ರಿಸ್ತೋಫ್. 1913ರ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಪಿರೆನೀಸ್ ಪರ್ವತಗಳ ಟೂರ್ಮಲೆ ಘಾಟಿಯಿಂದ ಇಳಿಯುವಾಗ ಆತನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಸೈಕಲ್ಲನ್ನು ಹೊತ್ತು ಸೇಂಟ್ ಮಾರಿ ದ ಕಾಂಪಾನ್ ಎಂಬ ಹಳ್ಳಿಯವರೆಗೆ ನಡೆದು, ಅಲ್ಲಿನ ಕುಲುಮೆಯಲ್ಲಿ ತಾನೇ ಬೆಸುಗೆ ಹಾಕಿಕೊಂಡು ಮುಂದೆ ಹೋದ. ಹೊರಗಿನ ನೆರವು ಪಡೆಯಬಾರದೆಂಬ ನಿಯಮವಿದ್ದುದರಿಂದ, ತಿದಿ ಒತ್ತಲು ಒಬ್ಬ ಹುಡುಗನ ಸಹಾಯ ಪಡೆದದ್ದಕ್ಕೂ ಆತನಿಗೆ ದಂಡನೆಯಾಯಿತು. ಉಕ್ಕಿನ ಚೌಕಟ್ಟನ್ನು ನಾನು ಆರಿಸಿಕೊಳ್ಳಲು ಮುಖ್ಯ ಕಾರಣವೂ ಇದೇ. ಸಣ್ಣ ವೆಲ್ಡಿಂಗ್ ಅಂಗಡಿಯಲ್ಲೂ ಅದನ್ನು ಬೆಸೆಯಬಹುದು, ಅಲ್ಯೂಮಿನಿಯಂ ಅಥವಾ ಕಾರ್ಬನ್ನಿಗೆ ಆ ಅನುಕೂಲವಿಲ್ಲ.

ಇನ್ನು ಕೊರತೆಗಳು. ತಯಾರಕರು ಕೊಟ್ಟಿದ್ದ ಬ್ರೇಕ್ ಪ್ಯಾಡುಗಳು ರಾಳದಿಂದ ಮಾಡಿದವು, ಬಯಲಿನಲ್ಲಿ ಬಹಳ ಮೃದುವಾಗಿ ಹಿಡಿಯುತ್ತವೆ. ಆದರೆ ನನ್ನ ಭಾರದೊಡನೆ 1,000 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಎರಡೂವರೆ ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟು. ಅದರಲ್ಲಿ ಗಾಳಿ ತಡೆದುಕೊಳ್ಳುವ ಪಾಲು ಬಿಟ್ಟು ಉಳಿದದ್ದೆಲ್ಲ ಬ್ರೇಕಿನ ಎರಡು ತೆಳು ತಟ್ಟೆಗಳ ಬಿಸಿಯಾಗುತ್ತದೆ. ಮೊದಲನೆಯ ದೊಡ್ಡ ಇಳಿಜಾರಿನ ಅರ್ಧದಲ್ಲೇ ಸುಟ್ಟ ವಾಸನೆ ಬಂದು, ಎಷ್ಟು ಒತ್ತಿದರೂ ಹಿಡಿತ ಸಡಿಲವೆನಿಸಿದಾಗ ನಿಜವಾಗಿಯೂ ಹೆದರಿದೆ. ಅಂದೇ ಸಂಜೆ ಲೋಹದ ಪುಡಿಯಿಂದ ಮಾಡಿದ ಪ್ಯಾಡುಗಳನ್ನು ಹಾಕಿದೆ. ಅವು ಸದ್ದು ಮಾಡುತ್ತವೆ, ಆದರೆ ಬಿಸಿಗೆ ಸೋಲುವುದಿಲ್ಲ. ಬೆಟ್ಟಕ್ಕೆಂದೇ ಮಾರುವ ಸೈಕಲ್ಲಿನಲ್ಲಿ ಇವನ್ನೇ ಕೊಡಬೇಕಿತ್ತು ಎಂಬುದು ನನ್ನ ದೃಢವಾದ ಆಕ್ಷೇಪ. ಕೊಳ್ಳುವವರು ಹೊರಡುವ ಮುನ್ನವೇ ಬದಲಿಸಿಕೊಳ್ಳಲಿ, ಮತ್ತು ಇಳಿಜಾರಿನುದ್ದಕ್ಕೂ ಬ್ರೇಕನ್ನು ಉಜ್ಜುತ್ತಲೇ ಇರದೆ, ತಿರುವಿಗೆ ಮುನ್ನ ಗಟ್ಟಿಯಾಗಿ ಹಿಡಿದು ಬಿಡುವುದನ್ನು ರೂಢಿಸಿಕೊಳ್ಳಲಿ.

ಕ್ಯಾರಿಯರ್ ಬೋಲ್ಟುಗಳು ಮೂರನೆಯ ದಿನಕ್ಕೇ ಸಡಿಲವಾದವು. ದಿನವೂ ಬೆಳಗ್ಗೆ ಬಿಗಿಮಾಡುವುದು ಅಭ್ಯಾಸವಾಯಿತು. ಸಾಮಾನೆಲ್ಲವನ್ನೂ ಹಿಂದೆಯೇ ಕಟ್ಟಿದ್ದಾಗ ಗಂಟೆಗೆ 40 ಕಿಲೋಮೀಟರ್ ದಾಟಿದರೆ ಹ್ಯಾಂಡಲ್ ನಡುಗುತ್ತಿತ್ತು. 8 ಕಿಲೋವನ್ನು ಮುಂದಿನ ಚೀಲಗಳಿಗೆ ಹಾಕಿದ ಮೇಲೆ ನಡುಕ ಮತ್ತೆ ಕಾಣಿಸಲಿಲ್ಲ. ಸೀಟು ನನಗೆ ಒಗ್ಗಲಿಲ್ಲ, ಅದು ಅವರವರ ಮೈಕಟ್ಟಿಗೆ ಬಿಟ್ಟದ್ದು. ಕಡ್ಡಿ ಒಂದೂ ಮುರಿಯಲಿಲ್ಲ. ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದ ಎರಡು ಹೆಚ್ಚುವರಿ ಕಡ್ಡಿಗಳು ಹಾಗೆಯೇ ಹಿಂತಿರುಗಿ ಬಂದಿವೆ.

ಬಯಲು ರಸ್ತೆಯಲ್ಲಿ ವೇಗವಾಗಿ ಹೋಗಬಯಸುವವರಿಗೆ, ಚಿಕ್ಕ ಚೀಲದಲ್ಲಿ ಎರಡು ದಿನದ ಸುತ್ತಾಟ ಮುಗಿಸುವವರಿಗೆ ಇದು ಜಡವೆನಿಸುತ್ತದೆ, ಅವರು ಇದನ್ನು ಕೊಳ್ಳಬೇಕಾಗಿಲ್ಲ. ವಾರಗಟ್ಟಲೆ ಒಂಟಿಯಾಗಿ ಬೆಟ್ಟಗಳ ನಡುವೆ ಇರುವವರಿಗೆ, ಪ್ಯಾಡು ಬದಲಿಸುವ ಷರತ್ತಿನ ಮೇಲೆ, ನಾನು ಮನಃಪೂರ್ವಕವಾಗಿ ಇದನ್ನೇ ಸೂಚಿಸುತ್ತೇನೆ. ಹಿಂತಿರುಗಿದ ಮೇಲೆ ಚೈನಿನ ಮೇಲೆ ಸ್ಕೇಲು ಇಟ್ಟು ಅಳೆದೆ: 12 ಅಂಗುಲ ಇರಬೇಕಾದ ಕಡೆ ಅಂಗುಲದ ಹದಿನಾರನೆಯ ಒಂದು ಭಾಗ ಹಿಗ್ಗಿತ್ತು, ಅಂದರೆ ಬದಲಿಸುವ ಹೊತ್ತು. ಹೊಸ ಚೈನು ಹಾಕಿದ್ದೇನೆ. ಹಿಂದಿನ ಹಲ್ಲುಚಕ್ರಗಳು ಸವೆದಿಲ್ಲ, ಅವೇ ಮುಂದುವರಿದಿವೆ.