ಲಿಂಕ್ಡ್‌ಇನ್ ಆರು ವರ್ಷ ಬಳಸಿದ ಮೇಲೆ: ಪೀಣ್ಯದ ಒಬ್ಬ ಕ್ವಾಲಿಟಿ ಎಂಜಿನಿಯರ್ ಅನುಭವ

ಕೆಲಸದ ಪರಿಚಯ ಬೆಳೆಸಲು, ಕೆಲಸ ಹುಡುಕಲು ಬಳಸುವ ಜಾಲತಾಣ ಲಿಂಕ್ಡ್‌ಇನ್ ಅಂದ್ರೆ ಸಾಫ್ಟ್‌ವೇರ್‌ನವರಿಗೆ, ನಮಗಲ್ಲ ಅಂತ ನಮ್ಮ ಕಡೆ ಈಗಲೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನದು ಮೆಕ್ಯಾನಿಕಲ್ ಡಿಪ್ಲೊಮಾ. ಓದಿದ್ದು ತುಮಕೂರಿನಲ್ಲಿ, ಕೆಲಸ ಪೀಣ್ಯದಲ್ಲಿ, ಗಾಡಿಗಳ ಬಿಡಿಭಾಗ ಮಾಡುವ ಕಂಪನಿಗಳಲ್ಲಿ. ಖಾತೆ ತೆರೆದು ಆರು ವರ್ಷ ಆಯ್ತು. ಮೊದಲ ಎರಡು ವರ್ಷ ಯಾರೂ ಕೆಲಸದ ಮಾತು ಎತ್ತಲಿಲ್ಲ. ಆಮೇಲಿನ ನಾಲ್ಕು ವರ್ಷದಲ್ಲಿ ಎರಡು ಕೆಲಸ ಇದರಿಂದಲೇ ಸಿಕ್ಕವು.

ನನ್ನ ಕಣ್ಣು ತೆರೆಸಿದ್ದು ಪರಿಚಯದ ಎಚ್‌ಆರ್ ಮೇಡಂ ಒಬ್ಬರು. ಅವರ ಹತ್ತಿರ ರಿಕ್ರೂಟರ್‌ಗಳು, ಅಂದ್ರೆ ಕಂಪನಿಗೆ ಜನ ಹುಡುಕುವವರು, ದುಡ್ಡು ಕೊಟ್ಟು ಬಳಸುವ ಖಾತೆ ಇತ್ತು. ಹುದ್ದೆ, ಸ್ಕಿಲ್, ಊರು, ಎಷ್ಟು ವರ್ಷದ ಅನುಭವ, ಎಲ್ಲ ಹಾಕಿ ಹುಡುಕುತ್ತಾರೆ. ಬಂದ ಪಟ್ಟಿಯಲ್ಲಿ ಫೋಟೊ, ಹೆಸರು, ಅದರ ಕೆಳಗಿನ ಒಂದು ಸಾಲು, ಈಗಿನ ಕೆಲಸ ನೋಡಿ ಮುಂದೆ ಹೋಗುತ್ತಾರೆ. ‘ನನ್ನನ್ನು ಹುಡುಕಿ ನೋಡಿ ಮೇಡಂ’ ಅಂದೆ. ಕ್ವಾಲಿಟಿ ಎಂಜಿನಿಯರ್, ಸಿಎಂಎಂ (ಬಿಡಿಭಾಗಗಳ ಅಳತೆ ನಿಖರವಾಗಿ ನೋಡುವ ಮೆಷಿನ್), ಬೆಂಗಳೂರು ಅಂತ ಹಾಕಿದರು. ನಾನು ಪಟ್ಟಿಯಲ್ಲೇ ಇರಲಿಲ್ಲ.

ಕಾರಣ ಅಲ್ಲೇ ಕೂತು ನೋಡಿದಾಗ ಗೊತ್ತಾಯಿತು. ಕಂಪನಿ ನನಗೆ ಕೊಟ್ಟಿದ್ದ ಹುದ್ದೆ ‘ಸೀನಿಯರ್ ಎಕ್ಸಿಕ್ಯುಟಿವ್’. ಪ್ರೊಫೈಲ್‌ನಲ್ಲೂ ಅದನ್ನೇ ಹಾಕಿದ್ದೆ. ಆ ಹೆಸರಿನಿಂದ ಕ್ವಾಲಿಟಿ ಕೆಲಸದವರನ್ನು ಯಾರು ಹುಡುಕುತ್ತಾರೆ ಹೇಳಿ? ಊರು ಶಿರಾ ಅಂತ ಇತ್ತು. ಐದು ವರ್ಷ ಸಿಎಂಎಂ ಮೆಷಿನ್ ಮೇಲೆ ಅಳತೆ ಮಾಡಿದ್ದೇನೆ, ಆ ಪದ ಎಲ್ಲೂ ಇರಲಿಲ್ಲ. ಅದರ ಹಿಂದಿನ ವರ್ಷ 3,000 ರೂಪಾಯಿ ಕೊಟ್ಟು ಒಬ್ಬರ ಹತ್ತಿರ ಪ್ರೊಫೈಲ್ ಬರೆಸಿದ್ದೆ. ಡೈನಾಮಿಕ್, ರಿಸಲ್ಟ್ ಓರಿಯೆಂಟೆಡ್ ಅಂತ ತುಂಬಿಸಿದ್ದರು. ನನ್ನ ಕೆಲಸ ಏನು ಅನ್ನೋದು ಮಾತ್ರ ಅದರಲ್ಲಿ ಇರಲಿಲ್ಲ.

ಅವತ್ತು ರಾತ್ರಿಯೇ ಎಲ್ಲ ಅಳಿಸಿದೆ. ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರ ಸಿಗುತ್ತದೆ. ಅಲ್ಲಿ ಕ್ವಾಲಿಟಿ ಎಂಜಿನಿಯರ್, ಸಿಎಂಎಂ, ಪಿಪ್ಯಾಪ್ (ಹೊಸ ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯುವ ವಿಧಾನ), ಐಎಟಿಎಫ್ 16949 (ಗಾಡಿ ಉದ್ಯಮದ ಗುಣಮಟ್ಟದ ಮಾನದಂಡ), ಆಟೋ ಬಿಡಿಭಾಗ ಇಷ್ಟನ್ನು ಹಾಕಿದೆ. ಎಲ್ಲ ಇಂಗ್ಲಿಷಿನಲ್ಲೇ, ಯಾಕಂದ್ರೆ ಅವರು ಹುಡುಕುವುದು ಇಂಗ್ಲಿಷಿನಲ್ಲಿ. ಊರು ಬೆಂಗಳೂರು ಮಾಡಿದೆ. ಸ್ಕಿಲ್ 100ರವರೆಗೆ ಹಾಕಬಹುದು. ನಾನು ಹಾಕಿದ್ದು 22, ಇಂಟರ್‌ವ್ಯೂನಲ್ಲಿ ಕೇಳಿದರೆ ಉತ್ತರ ಕೊಡಬಲ್ಲೆ ಅನ್ನುವಷ್ಟು ಮಾತ್ರ.

ಕಷ್ಟ ಆಗಿದ್ದು ‘ಅಬೌಟ್’ ಭಾಗ. 2,600 ಅಕ್ಷರ ಬರೆಯಬಹುದು, ಆದರೆ ತೆರೆದು ನೋಡದವರಿಗೆ ಕಾಣುವುದು ಮೊದಲ ಎರಡು ಮೂರು ಸಾಲು. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಮತ್ತೆ ಅದೇ ಡೈನಾಮಿಕ್ ಬರುತ್ತಿತ್ತು. ಕೊನೆಗೆ ನೋಟ್‌ಬುಕ್ ತೆಗೆದು, ಮನೆಯವಳಿಗೆ ಹೇಳುವ ಹಾಗೆ ಕನ್ನಡದಲ್ಲಿ ಬರೆದೆ. ‘ಗ್ರಾಹಕರ ಹತ್ತಿರ ಹೋಗಿ ವಾಪಸ್ ಬರುತ್ತಿದ್ದ ಶಾಫ್ಟ್‌ಗಳು ಹತ್ತು ಲಕ್ಷಕ್ಕೆ 900 ಇದ್ದವು, ಒಂದು ವರ್ಷದಲ್ಲಿ 250ಕ್ಕೆ ಇಳಿಸಿದೆವು. ನಾನು ಮಾಡಿದ್ದು ಅಳತೆ ನೋಡುವ ಗೇಜ್ ಬದಲಾಯಿಸಿದ್ದು, ಆಪರೇಟರ್‌ಗಳಿಗೆ ಅಳತೆ ಹೇಳಿಕೊಟ್ಟಿದ್ದು.’ ಇದನ್ನೇ ಸರಳ ಇಂಗ್ಲಿಷಿಗೆ ತಂದೆ. ಮುಂದೆ ಎರಡೂ ಇಂಟರ್‌ವ್ಯೂಗಳಲ್ಲಿ ಮೊದಲ ಪ್ರಶ್ನೆ ಬಂದಿದ್ದು ಈ 900ರ ಬಗ್ಗೆಯೇ. ಒಂದು ಮಾತು: ಗ್ರಾಹಕ ಕಂಪನಿಯ ಹೆಸರು, ಡ್ರಾಯಿಂಗ್, ಪಾರ್ಟ್ ನಂಬರ್ ಹಾಕಬೇಡಿ. ಡ್ರಾಯಿಂಗ್ ಕಾಣುವ ಫೋಟೊ ಹಾಕಿದವರನ್ನು ನಾನೇ ನೋಡಿದ್ದೇನೆ. ಅದು ನಮ್ಮ ಆಸ್ತಿಯಲ್ಲ ಅಲ್ವಾ.

ಕೆಲಸ ಹುಡುಕುತ್ತಿದ್ದೇನೆ ಅಂತ ತೋರಿಸುವ ‘ಓಪನ್ ಟು ವರ್ಕ್’ನಲ್ಲಿ ಎರಡು ಆಯ್ಕೆ ಇದೆ. ಒಂದು, ಫೋಟೊ ಸುತ್ತ ಹಸಿರು ಪಟ್ಟಿ ಬಂದು ಎಲ್ಲರಿಗೂ ಕಾಣುತ್ತದೆ. ಇನ್ನೊಂದು, ರಿಕ್ರೂಟರ್‌ಗಳಿಗೆ ಮಾತ್ರ ಕಾಣುತ್ತದೆ. ಕೆಲಸದಲ್ಲಿ ಇರುವವರಿಗೆ ಎರಡನೆಯದೇ ಸರಿ. ನಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ಲಿಂಕ್ಡ್‌ಇನ್‌ನವರು ನೋಡಿಕೊಳ್ಳುತ್ತಾರೆ, ಆದರೆ ಪೂರ್ತಿ ಖಾತರಿ ಇಲ್ಲ ಅಂತ ಅವರೇ ಹೇಳಿದ್ದಾರೆ. ಪ್ರೊಫೈಲ್ ತಿದ್ದುವಾಗ ಪರಿಚಯದವರಿಗೆ ಸುದ್ದಿ ಹೋಗುವುದನ್ನೂ ಆಫ್ ಮಾಡಿಕೊಳ್ಳಿ.

ಮೆಸೇಜ್ ಬರೋಕೆ ಶುರುವಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಬೇಡದ ಕೆಲಸವಾದರೂ ಅವತ್ತೇ ಉತ್ತರ ಕೊಡುತ್ತೇನೆ. ಹೊಸೂರಿನ ಕೆಲಸ ಒಂದನ್ನು ‘ದೂರ ಆಗುತ್ತೆ ಸರ್, ನೆಲಮಂಗಲ, ದಾಬಸ್‌ಪೇಟೆ ಕಡೆ ಇದ್ದರೆ ಹೇಳಿ’ ಅಂತ ಬಿಟ್ಟಿದ್ದೆ. ಎಂಟು ತಿಂಗಳಾದ ಮೇಲೆ ಅವರೇ ದಾಬಸ್‌ಪೇಟೆಯ ಕೆಲಸ ತಂದರು. ಈಗ ನಾನು ಇರುವುದು ಅಲ್ಲೇ.

ಮೋಸದವರೂ ಬರುತ್ತಾರೆ. ನನ್ನ ಜೊತೆಗಾರರೊಬ್ಬರು ಗೇಟ್ ಪಾಸ್, ಯೂನಿಫಾರ್ಮ್ ಡಿಪಾಸಿಟ್ ಅಂತ ಯಾರೋ ಕೇಳಿದ್ದಕ್ಕೆ 6,500 ರೂಪಾಯಿ ಕಳಿಸಿ ಕಳೆದುಕೊಂಡರು. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದುಡ್ಡಿನ ವಿಷಯ: ದುಡ್ಡು ಕೊಟ್ಟು ತಗೊಳ್ಳುವ ಪ್ರೀಮಿಯಂ ಖಾತೆ ಒಂದು ತಿಂಗಳು ಫ್ರೀ ತಗೊಂಡು ನೋಡಿದೆ. ಪ್ರೊಫೈಲ್ ಯಾರು ನೋಡಿದರು ಅಂತ ಜಾಸ್ತಿ ತಿಳಿಯುತ್ತದೆ, ಪರಿಚಯ ಇಲ್ಲದವರಿಗೆ ಕೆಲವು ಮೆಸೇಜ್ ಕಳಿಸಬಹುದು. ನನ್ನ ಎರಡೂ ಕೆಲಸ ಸಿಕ್ಕಿದ್ದು ಫ್ರೀ ಖಾತೆಯಲ್ಲೇ.

ಕಳೆದ ಭಾನುವಾರ ನಮ್ಮ ಶಾಪ್‌ನ ಹುಡುಗನೊಬ್ಬ ಮನೆಗೆ ಬಂದಿದ್ದ. ಐಟಿಐ ಮಾಡಿದ್ದಾನೆ, ನಾಲ್ಕು ವರ್ಷದಿಂದ ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕತ್ತರಿಸುವ ಮೆಷಿನ್) ಓಡಿಸುತ್ತಿದ್ದಾನೆ. ‘ನನ್ನ ಹತ್ತಿರ ಬರೆಯೋಕೆ ಏನಿದೆ ಅಣ್ಣ’ ಅಂದ. ಮೆಷಿನ್ ನಡೆಸುವ ಕಂಟ್ರೋಲರ್ ಯಾವ ಕಂಪನಿಯದು ಅಂತ ಕೇಳಿದೆ. ಫ್ಯಾನುಕ್ ಅಂದ. ಪ್ರೋಗ್ರಾಂ ನೀನೇ ತಿದ್ದುತ್ತೀಯಾ ಅಂದೆ, ಹೌದು ಅಂದ. ಹೊಸ ಕೆಲಸಕ್ಕೆ ಮೆಷಿನ್ ಸಿದ್ಧ ಮಾಡುವ ಸೆಟ್ಟಿಂಗ್ ಟೈಮ್ ಎಷ್ಟಿತ್ತು, ಈಗ ಎಷ್ಟಾಗಿದೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, 90 ನಿಮಿಷದಿಂದ 40 ಆಗಿದೆ ಅಂದ. ‘ಬರಕೋ, ಅದೇ ಮೊದಲ ಸಾಲು’ ಅಂದೆ.