ಜಿಪಿಐಬಿಯಲ್ಲಿ ಎಚ್‌ಪಿ 34401ಎ: ವರ್ಷಗಟ್ಟಲೆ ಬಳಸಿದ ಮೇಲೆ

ಬೆಂಚ್ ಮೇಲಿಟ್ಟು ಕಣ್ಣಲ್ಲಿ ಓದುವ ಮಟ್ಟಿಗೆ ಹ್ಯೂಲೆಟ್ ಪ್ಯಾಕರ್ಡ್‌ನ ಈ ಆರೂವರೆ ಅಂಕಿಯ ಮಲ್ಟಿಮೀಟರ್ ಬಗ್ಗೆ ದೂರಿಲ್ಲ. ಆನ್ ಮಾಡಿ ಒಂದು ಗಂಟೆ ಬಿಟ್ಟರೆ 10 ವೋಲ್ಟ್ ರೇಂಜ್‌ನಲ್ಲಿ ಒಂದು ವರ್ಷದ ಸ್ಪೆಕ್ (ತಪ್ಪಿನ ಮಿತಿ) ರೀಡಿಂಗ್‌ನ ಶೇ 0.0035, ಅದಕ್ಕೆ ರೇಂಜ್‌ನ ಶೇ 0.0005 ಸೇರಿಸಿ. 5 ವೋಲ್ಟ್ ಅಳೆದರೆ 225 ಮೈಕ್ರೋವೋಲ್ಟ್ ಆಚೀಚೆ. ತಕರಾರು ಶುರುವಾಗುವುದು ಜಿಪಿಐಬಿಯಲ್ಲಿ, ಅಂದರೆ ಅಳತೆ ಉಪಕರಣಗಳನ್ನು ಸೇರಿಸುವ ಕೇಬಲ್ ಬಸ್‌ನಲ್ಲಿ, ಕಂಪ್ಯೂಟರ್‌ಗೆ ಜೋಡಿಸಿದಾಗ: ನಿಧಾನ, ಹ್ಯಾಂಗ್ ಆಗುತ್ತೆ, ಸೆಟ್ಟಿಂಗ್ ನಿಲ್ಲಲ್ಲ. ಬಹುತೇಕ ಸಲ ತಪ್ಪು ಪ್ರೋಗ್ರಾಂನಲ್ಲೇ ಇರುತ್ತದೆ.

'ಮೆಷರ್' ಕಮಾಂಡ್ ಒಂದೇ ಸಾಲಲ್ಲಿ ಎಲ್ಲ ಮುಗಿಸುತ್ತದೆ, ಹಾಗಾಗಿ ಎಲ್ಲರೂ ಅದಕ್ಕೇ ಕೈಹಾಕುತ್ತಾರೆ. ಆದರೆ ಪ್ರತಿ ಸಲವೂ ಅದು ನಾವು ಹಾಕಿದ್ದನ್ನು ಅಳಿಸಿ ಡಿಫಾಲ್ಟ್‌ಗೆ ಮರಳುತ್ತದೆ. ಬದಲಿಗೆ ಮೊದಲು 'ಕಾನ್ಫಿಗರ್' ಕಳಿಸಿ ರೇಂಜ್ ಗಟ್ಟಿ ಮಾಡಿ, ಆಮೇಲೆ ಇಂಟಿಗ್ರೇಷನ್ ಸಮಯ (ಒಂದು ರೀಡಿಂಗ್‌ಗೆ ಅಳೆಯುವ ಹೊತ್ತು, ಲೈನ್ ಸೈಕಲ್ ಲೆಕ್ಕದಲ್ಲಿ), ಇನ್‌ಪುಟ್ ಇಂಪೆಡೆನ್ಸ್ (ಮೀಟರ್‌ನ ಒಳರೋಧ), ಸ್ಯಾಂಪಲ್ ಸಂಖ್ಯೆ ಕೊಡಿ, ಕೊನೆಗೆ 'ರೀಡ್'. ಈ ಕ್ರಮ ತಪ್ಪಬಾರದು, ಏಕೆಂದರೆ 'ಕಾನ್ಫಿಗರ್' ಕೂಡ ಇಂಪೆಡೆನ್ಸನ್ನು 10 ಮೆಗಾಓಮ್‌ಗೆ ಇಳಿಸಿಬಿಡುತ್ತದೆ. 100 ಕಿಲೋಓಮ್ ಮೂಲದಿಂದ ಅಳೆಯುವಾಗ ಅಷ್ಟರಿಂದಲೇ ಸುಮಾರು ಶೇ 1 ತಪ್ಪು. ಆರೂವರೆ ಅಂಕಿ ಇಟ್ಟುಕೊಂಡು ಎರಡನೇ ಅಂಕಿಯಲ್ಲೇ ಎಡವಿದಂತೆ! 10 ವೋಲ್ಟ್‌ವರೆಗಿನ ರೇಂಜ್‌ಗಳಲ್ಲಿ ಇಂಪೆಡೆನ್ಸ್ ಆಟೋ ಆನ್ ಮಾಡಿದರೆ ಅದು 10 ಗಿಗಾಓಮ್ ದಾಟುತ್ತದೆ.

ಇನ್ನು ಹ್ಯಾಂಗ್. ನಮ್ಮ 50 ಹರ್ಟ್ಸ್ ಲೈನ್‌ನಲ್ಲಿ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. 100 ಸೈಕಲ್ ಕೇಳಿದರೆ 2 ಸೆಕೆಂಡ್. ಆಟೋಝೀರೋ ಆನ್ ಇದ್ದರೆ ಮೀಟರ್ ಸೊನ್ನೆಯನ್ನೂ ಅಷ್ಟೇ ಹೊತ್ತು ಅಳೆಯುವುದರಿಂದ 4 ಸೆಕೆಂಡ್. ಉಪಕರಣಗಳ ಜತೆ ಮಾತಾಡುವ ಪೈಥಾನ್ ಲೈಬ್ರರಿ ಪೈವೀಸಾದ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಮಿತಿ) ಡಿಫಾಲ್ಟ್ ಆಗಿ 2 ಸೆಕೆಂಡ್ ಮಾತ್ರ. ಉತ್ತರ ತಯಾರಾಗುವ ಮೊದಲೇ ಪ್ರೋಗ್ರಾಂ ಕೈಬಿಟ್ಟು ಇನ್ನೊಂದು ಪ್ರಶ್ನೆ ಕಳಿಸಿದರೆ ಮೀಟರ್‌ನಲ್ಲಿ ಎರರ್ −410, ಅಂದರೆ ಕ್ವೆರಿ ಇಂಟರಪ್ಟೆಡ್. ಟೈಮ್‌ಔಟನ್ನು 10 ಸೆಕೆಂಡ್‌ಗೆ ಏರಿಸಿ. ಆಗಲೇ ಸಿಕ್ಕಿಕೊಂಡಿದ್ದರೆ ಡಿವೈಸ್ ಕ್ಲಿಯರ್ (ಬಾಕಿ ಕೆಲಸ ಬಿಡಿಸುವ ಬಸ್ ಸಂದೇಶ) ಕಳಿಸಿ, ಎರರ್ ಸಾಲನ್ನು ಸೊನ್ನೆ ಬರುವ ತನಕ ಓದಿ ಖಾಲಿ ಮಾಡಿ. ಪವರ್ ಆಫ್ ಮಾಡಿ ಆನ್ ಮಾಡಿದರೂ ಸರಿಹೋಗುತ್ತದೆ, ಆದರೆ ಮತ್ತೆ ಒಂದು ಗಂಟೆ ಕಾಯಬೇಕು.

ವೇಗ ಬೇಕೇ? ರೇಂಜ್ ಫಿಕ್ಸ್ ಮಾಡಿ, 0.02 ಸೈಕಲ್, ಆಟೋಝೀರೋ ಆಫ್, ಟ್ರಿಗರ್ ಡಿಲೇ ಸೊನ್ನೆ, ಡಿಸ್‌ಪ್ಲೇ ಆಫ್. ಸೆಕೆಂಡಿಗೆ 1000 ರೀಡಿಂಗ್ ಬರುತ್ತವೆ, ಆದರೆ ನಾಲ್ಕೂವರೆ ಅಂಕಿಯಲ್ಲಿ. ಮೀಟರ್‌ನ ಒಳಗಿನ ಮೆಮೊರಿ 512 ರೀಡಿಂಗ್‌ಗೆ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಮೆಮೊರಿಗೆ ತುಂಬಿಸಿ ಆಮೇಲೆ ತೆಗೆಯುವ 'ಇನಿಷಿಯೇಟ್', 'ಫೆಚ್' ಜೋಡಿ ಬಿಟ್ಟು ನೇರವಾಗಿ 'ರೀಡ್' ಬಳಸಿ.

ಬಸ್ ವಿಷಯಕ್ಕೆ ಬಂದರೆ, ಅಡ್ರೆಸ್ ಫ್ಯಾಕ್ಟರಿಯಿಂದ 22. ಎರಡು ಮೀಟರ್ ಹಾಕುವವರು ಒಂದನ್ನು ಬದಲಿಸಲೇಬೇಕು. 31 ಇಟ್ಟರೆ ಪ್ರಿಂಟರ್‌ಗೆಂದು ಮಾಡಿದ ಟಾಕ್ ಓನ್ಲಿ ಸ್ಥಿತಿಗೆ ಹೋಗಿ ಯಾವ ಕಮಾಂಡಿಗೂ ಓಗೊಡುವುದಿಲ್ಲ. ಕೇಬಲ್ ಒಟ್ಟು ಉದ್ದ ಉಪಕರಣಕ್ಕೆ 2 ಮೀಟರ್ ಲೆಕ್ಕದಲ್ಲಿ, ಎಷ್ಟೇ ಆದರೂ 20 ಮೀಟರ್ ಒಳಗಿರಲಿ. ಕಂಟ್ರೋಲರ್ ಸೇರಿ 15 ಉಪಕರಣ. ಮೀಟರ್‌ನ ಹಿಂಭಾಗದಲ್ಲಿ ಆರ್‌ಎಸ್-232 ಸೀರಿಯಲ್ ಪೋರ್ಟ್ ಕೂಡ ಇದೆ. ಅದು ಡಿಟಿಆರ್, ಡಿಎಸ್‌ಆರ್ ಗೆರೆಗಳಲ್ಲಿ ಹ್ಯಾಂಡ್‌ಶೇಕ್ (ಎರಡೂ ಕಡೆ ಸಿದ್ಧವೆಂಬ ಸಂಕೇತ) ಕೇಳುತ್ತದೆ, ಹಾಗಾಗಿ ಮೂರೇ ವೈರಿನ ಕೇಬಲ್ ನಂಬಿಕೊಳ್ಳಬೇಡಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಹಿಂಭಾಗದ ವೋಲ್ಟೇಜ್ ಸೆಲೆಕ್ಟರ್ ನೋಡಿ. 120ರಲ್ಲಿದ್ದರೆ ಪ್ಲಗ್ ಹಾಕಲೇಬೇಡಿ. ಮುಂದೆ, ಹಿಂದೆ ಎರಡೂ ಕಡೆ ಟರ್ಮಿನಲ್ ಇವೆ, ಆಯ್ಕೆ ಮಾಡುವ ಬಟನ್ ಕೈಯಲ್ಲೇ ಒತ್ತಬೇಕು. ಯಾವುದು ಒತ್ತಿದೆ ಎಂದು ಪ್ರೋಗ್ರಾಂ ಕೇಳಿ ತಿಳಿಯಬಹುದು, ಬದಲಿಸಲಾಗದು. ಹ್ಯೂಲೆಟ್ ಪ್ಯಾಕರ್ಡ್‌ನಿಂದ ಬೇರೆಯಾದ ಅಜಿಲೆಂಟ್ ಕಂಪನಿಯ ಹೆಸರು ಅಚ್ಚಾದ ಪೆಟ್ಟಿಗೆಯೂ ಗುರುತು ಕೇಳಿದರೆ ಹ್ಯೂಲೆಟ್ ಪ್ಯಾಕರ್ಡ್ ಅಂತಲೇ ಹೇಳುತ್ತದೆ; ತಯಾರಕರ ಹೆಸರು ಹುಡುಕುವ ಕೋಡ್ ಬರೆಯುವವರು ಗಮನಿಸಿ. ಡಿಸ್‌ಪ್ಲೇ ವರ್ಷ ಕಳೆದಂತೆ ಮಂಕಾಗುತ್ತದೆ. ರಾತ್ರಿಯಿಡೀ ಲಾಗ್ ಮಾಡುವಾಗ ಅದನ್ನು ಆಫ್ ಮಾಡಿಡಿ.